ಕಪಿಲೆ ಹೊಲಿದ ಕೈಗಳು: ಯಂತ್ರಶಾಸ್ತ್ರದ ಚರಿತ್ರೆಯಲ್ಲಿ ನಮ್ಮ ಪಾಲು



ನಮ್ಮ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಅಂತ ಅಣ್ಣಂದಿರು ಕೇಳಿದಾಗ ಮೊದಲು ಹೆದರಿಕೆ ಆಯಿತು. ನಾನು ಓದಿದ್ದು ತಮಿಳಲ್ಲಿ. ಮನೆ ಮಾತು ಮಾತ್ರ ಕನ್ನಡ. ಕನ್ನಡ ಅಕ್ಷರ ಕಲಿಸಿದ್ದು ನಮ್ಮಮ್ಮ, ಅವರು ತಳಿ ಕಡೆಯ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಬಿ.ಎ. ಇತಿಹಾಸದ ವಿದ್ಯಾರ್ಥಿ. ಹೋದ ವರ್ಷ ಕಾಲೇಜಿನಲ್ಲಿ ವಿಜ್ಞಾನದ ಚರಿತ್ರೆ ಮೇಲೆ ಸೆಮಿನಾರ್ ಕೊಡಬೇಕಿತ್ತು. ನನಗೆ ಬಂದ ವಿಷಯ ಮೆಕ್ಯಾನಿಕ್ಸ್, ಅಂದರೆ ಯಂತ್ರಶಾಸ್ತ್ರ. ಬಲ ಅಂದರೇನು, ಭಾರ ಹೇಗೆ ಮೇಲೇಳುತ್ತೆ, ಚಕ್ರ ಹೇಗೆ ಉರುಳುತ್ತೆ ಅಂತ ಹೇಳೋ ಶಾಸ್ತ್ರ. ಆರ್ಕಿಮಿಡೀಸ್, ಸ್ಟೆವಿನ್, ಗೆಲಿಲಿಯೋ, ನ್ಯೂಟನ್, ವಾಟ್ ಅಂತ ಹೆಸರು ಬರೆದುಕೊಂಡು ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಜಗಲಿ ಮೇಲೆ ಮಲಗಿದ್ದ ತಾತ ಎಲ್ಲ ಕೇಳಿಸಿಕೊಂಡು ಕಡೆಗೆ ಒಂದೇ ಮಾತು ಕೇಳಿದರು: "ಏನಪ್ಪಾ, ನಿನ್ನ ಪುಸ್ತಕದಾಗೆ ಕಪಿಲೆ ಐತಾ?"

ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಕಪಿಲೆ ಅನ್ನೋ ಯಂತ್ರ

ನಮ್ಮ ವಯಸ್ಸಿನವರು ಕಪಿಲೆ ನೋಡಿಲ್ಲ. ಪೆನ್ನಾಗರ, ಧರ್ಮಪುರಿ, ಮೇಟೂರು ಕಡೆ ಹಳೇ ಬಾವಿಗಳ ದಡದಲ್ಲಿ ಎರಡು ಕಲ್ಲುಕಂಬ ನಿಂತಿರೋದು, ಅದರ ಹಿಂದೆ ಮಣ್ಣಿನ ಇಳಿಜಾರು ದಾರಿ ಇರೋದು ನೀವು ನೋಡಿರಬಹುದು. ಅದು ಕಪಿಲೆಯ ಗುರುತು. ತಮಿಳಿನವರು ಕವಲೈ ಅಂತಾರೆ, ಮರಾಠಿಯವರು ಮೋಟ್ ಅಂತಾರೆ. ನಮ್ಮದು ಮಳೆ ಕಮ್ಮಿ ಸೀಮೆ, ನೆಲ ಕಲ್ಲು. ಕಾವೇರಿ ಪಕ್ಕದಲ್ಲೇ ಹೊಗೇನಕಲ್ಲಿನಲ್ಲಿ ಧುಮುಕುತ್ತೆ, ಆದರೆ ಮೇಲಿನ ಹೊಲಕ್ಕೆ ಹತ್ತೋದಿಲ್ಲ. 1934ರಲ್ಲಿ ಮೇಟೂರು ಅಣೆಕಟ್ಟು ತೆರೆದಾಗಲೂ ಅದರ ನೀರು ಹೆಚ್ಚಾಗಿ ಹೋದದ್ದು ಕೆಳಗೆ ತಂಜಾವೂರಿನ ಬಯಲಿಗೆ. ನಮ್ಮ ಕಡೆ ರಾಗಿ, ಭತ್ತ, ತರಕಾರಿಗೆ ನೀರು ಅಂದರೆ ಬಾವಿ ನೀರು. ಬಾವಿಯಿಂದ ಅದನ್ನ ಮೇಲೆ ತಂದದ್ದು ಏತ, ಇಲ್ಲದಿದ್ದರೆ ಕಪಿಲೆ.

ಕಪಿಲೆ ಹೇಗೆ ಕೆಲಸ ಮಾಡುತ್ತಿತ್ತು ಅಂತ ತಾತ ಬೀಡಿ ಕಟ್ಟು, ದಾರ, ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ತೋರಿಸಿದರು. ಬಾವಿ ಮೇಲೆ ಒಂದು ರಾಟೆ. ಅದರ ಮೇಲೆ ದಪ್ಪ ಹಗ್ಗ. ಹಗ್ಗದ ಒಂದು ತುದಿ ಎತ್ತಿನ ನೊಗಕ್ಕೆ, ಇನ್ನೊಂದು ತುದಿ ತೊಗಲಿನ ಬಾನಿಗೆ. ಬಾನಿಯ ಅಡಿಯಲ್ಲಿ ಆನೆ ಸೊಂಡಿಲಿನ ಹಾಗೆ ಒಂದು ಉದ್ದನೆಯ ತೊಗಲ ಕೊಳವೆ. ಈ ಸೊಂಡಿಲಿನ ತುದಿಗೆ ಒಂದು ಸಣ್ಣ ಹಗ್ಗ. ಆ ಸಣ್ಣ ಹಗ್ಗ ಬಾವಿಯ ಅಂಚಿನಲ್ಲಿ ಕೆಳಗಡೆ ಇರೋ ಉರುಳೆ ಮೇಲೆ ಹಾದು ಅದೇ ನೊಗಕ್ಕೆ ಬರುತ್ತೆ.

ಎತ್ತು ಇಳಿಜಾರಿನಲ್ಲಿ ಇಳಿದ ಹಾಗೆ ಬಾನಿ ಮೇಲೇಳುತ್ತೆ. ಸಣ್ಣ ಹಗ್ಗ ಸೊಂಡಿಲನ್ನ ಮಡಿಸಿ ಬಾಯಿ ಮೇಲಕ್ಕೆ ಹಿಡಿದಿರೋದರಿಂದ ನೀರು ಚೆಲ್ಲೋದಿಲ್ಲ. ಬಾನಿ ದಡಕ್ಕೆ ಬಂದಾಗ ದಪ್ಪ ಹಗ್ಗ ಅದನ್ನ ಇನ್ನೂ ಮೇಲಕ್ಕೆ ಎಳೆಯುತ್ತೆ, ಸಣ್ಣ ಹಗ್ಗ ಸೊಂಡಿಲನ್ನ ಅಡ್ಡಕ್ಕೆ ತೊಟ್ಟಿಯ ಕಡೆ ಎಳೆಯುತ್ತೆ. ಸೊಂಡಿಲ ಬಾಯಿ ಬಾನಿಗಿಂತ ಕೆಳಗಾಗುತ್ತೆ. ನೀರು ತಾನಾಗೇ ಸುರಿದು ಕಾಲುವೆಗೆ ಹೋಗುತ್ತೆ. ಬಾನಿಯನ್ನ ಬಗ್ಗಿಸಿ ಸುರಿಯೋಕೆ ದಡದಲ್ಲಿ ಇನ್ನೊಬ್ಬ ಆಳು ಬೇಕಾಗಿಲ್ಲ. ಎರಡು ಹಗ್ಗದ ಉದ್ದದ ಲೆಕ್ಕ ಸರಿಯಿದ್ದರೆ ಸಾಕು. ಒಂದು ಗೇಣು ಹೆಚ್ಚುಕಮ್ಮಿ ಆದರೆ ದಾರಿಯಲ್ಲೇ ನೀರೆಲ್ಲ ವಾಪಸ್ ಬಾವಿಗೆ.

ರಾಟೆ ಒಂದು ಯಂತ್ರ, ಇಳಿಜಾರು ಇನ್ನೊಂದು, ತಾನಾಗೇ ಸುರಿಯೋ ಸೊಂಡಿಲು ಮೂರನೆಯದು. ಇದು ಯಂತ್ರಶಾಸ್ತ್ರ ಅಲ್ಲದೆ ಮತ್ತೇನು?

ತಂಗಿ ಹಾಕಿದ ಲೆಕ್ಕ

ನನ್ನ ತಂಗಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಾಳೆ. ಲೆಕ್ಕ ನನ್ನದಲ್ಲ, ಅವಳದು. ಒಂದು ಬಾನಿಗೆ 150 ಲೀಟರ್ ನೀರು, ಬಾವಿ 8 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ಒಂದು ಸಲ ಎತ್ತೋಕೆ ಬೇಕಾದ ಕೆಲಸ 150 ಗುಣಿಸು 9.8 ಗುಣಿಸು 8, ಅಂದರೆ 11,760 ಜೂಲ್. ಹೋಗಿ ಬರೋಕೆ ಒಂದು ನಿಮಿಷ ಹಿಡಿದರೆ ಸುಮಾರು 196 ವಾಟ್. ಒಂದು ಹೆಚ್‌ಪಿ ಅಂದರೆ 746 ವಾಟ್, ಹಾಗಾದರೆ ಒಂದು ಕಪಿಲೆ ಸುಮಾರು ಕಾಲು ಹೆಚ್‌ಪಿ. ಗಂಟೆಗೆ 9,000 ಲೀಟರ್ ನೀರು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು: "ಅಣ್ಣ, ಎತ್ತನ್ನ ಸಮನೆಲದಲ್ಲಿ ನಡೆಸದೆ ಇಳಿಜಾರಲ್ಲಿ ಯಾಕೆ ಇಳಿಸ್ತಿದ್ರು?" ಉತ್ತರವನ್ನೂ ಅವಳೇ ಬರೆದಳು. ಜೋಡಿ ಎತ್ತಿನ ತೂಕ 600 ಕಿಲೋ, ಐದು ಹೆಜ್ಜೆಗೆ ಒಂದು ಹೆಜ್ಜೆ ಇಳಿಯೋ ದಾರಿ ಅಂದುಕೊಂಡರೆ, ಎತ್ತಿನ ಮೈಭಾರವೇ 120 ಕಿಲೋದಷ್ಟು ಜಗ್ಗುತ್ತೆ. ನೀರಿನ ಭಾರ 150. ಬಾಕಿ ಭಾರಕ್ಕೆ, ಹಗ್ಗ ರಾಟೆಗಳ ಉಜ್ಜಾಟಕ್ಕೆ ಮಾತ್ರ ಕಾಲಿನ ಬಲ ಬೇಕು. ಹಾಗಂತ ಏನೂ ಪುಕ್ಕಟೆ ಬರಲಿಲ್ಲ. ಖಾಲಿ ಬಾನಿ ಇಳಿಯುವಾಗ ಎತ್ತು ಇಳಿಜಾರನ್ನ ಮತ್ತೆ ಹತ್ತಬೇಕು, ಆ ಸಾಲ ಅಲ್ಲಿ ತೀರುತ್ತೆ. ಆದರೆ ಭಾರವಾದ ಕೆಲಸ ಹೋಗೋವಾಗ ಸ್ವಲ್ಪ, ಬರೋವಾಗ ಸ್ವಲ್ಪ ಅಂತ ಹಂಚಿಹೋಗುತ್ತೆ. ಎತ್ತು ಬೇಗ ಸೋಲೋದಿಲ್ಲ.

ಇಳಿಜಾರಿನ ಮೇಲಿನ ಭಾರದ ಈ ನಿಯಮವನ್ನ ಯುರೋಪಿನಲ್ಲಿ 1586ರಲ್ಲಿ ಸಿಮೋನ್ ಸ್ಟೆವಿನ್ ಅನ್ನೋರು ಪುಸ್ತಕದಲ್ಲಿ ಬರೆದರು. ಒಂದು ತ್ರಿಕೋನದ ದಿಣ್ಣೆ ಮೇಲೆ ಗುಂಡುಗಳ ಮಾಲೆ ಹಾಕಿ, ಮಾಲೆ ತಾನಾಗೇ ಸುತ್ತೋಕೆ ಸಾಧ್ಯವಿಲ್ಲ ಅನ್ನೋದರಿಂದ ನಿಯಮ ತೆಗೆದರು. ಬಹಳ ಚೆಂದದ ಯೋಚನೆ. ಸ್ಟೆವಿನ್ ಬರೀ ಪಂಡಿತರಲ್ಲ, ತಗ್ಗು ನೆಲದ ನೀರು ಬಸಿಯೋ ಗಾಳಿಯಂತ್ರಗಳ ಕೆಲಸವನ್ನೂ ಮಾಡಿದವರು. ನಮ್ಮವರಂತೆ ಅವರಿಗೂ ನೀರೇ ಗುರು.

ಗೆಲಿಲಿಯೋ ಮತ್ತು ನಮ್ಮ ತಾತ

ಬಾನಿ ಹೊಲಿಯೋದು ನಮ್ಮ ಮನೆತನದ ಕೆಲಸ. ಸತ್ತ ದನದ ತೊಗಲು ಬಿಡಿಸಿ, ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತಂಗಡಿ ತೊಗಟೆಯ ರಸದಲ್ಲಿ ಹದ ಮಾಡುತ್ತಿದ್ದರು. ಆವರಿಕೆ ಅಂತಲೂ ಕರೀತಾರಲ್ಲ, ಹಳದಿ ಹೂವಿನ ಗಿಡ, ಅದೇ. ಆಮೇಲೆ ದಬ್ಬಳದಿಂದ ಚುಚ್ಚಿ ತೊಗಲ ದಾರದಲ್ಲೇ ಹೊಲಿಯೋದು. ಸತ್ತ ಎತ್ತಿನ ತೊಗಲು ಬದುಕಿರೋ ಎತ್ತಿನ ಹಿಂದೆ ನೀರು ಹೊರುತ್ತಿತ್ತು.

ತಾತ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. "ಬಾನಿ ದೊಡ್ಡದಾದಷ್ಟೂ ಹೊಲಿಗೆ ಬಡವಾಗ್ತದೆ ಕಣಪ್ಪ. ಚಿಕ್ಕ ಬಾನಿ ಅಳತೇನೇ ದೊಡ್ಡದು ಮಾಡಿದ್ರೆ ಒಂದು ವಾರಕ್ಕೆ ಬಾಯಿ ಬಿಡ್ತದೆ. ಅಡಿಗೆ ಎರಡು ಪದರ ಹಾಕಬೇಕು, ಹೊಲಿಗೆ ಒತ್ತಾಗಿರಬೇಕು."

1638ರಲ್ಲಿ ಅಚ್ಚಾದ ಗೆಲಿಲಿಯೋ ಅವರ ಎರಡು ಹೊಸ ವಿಜ್ಞಾನಗಳ ಪುಸ್ತಕ ಶುರುವಾಗೋದೇ ಈ ಮಾತಿನಿಂದ ಅಂದರೆ ನಂಬುತ್ತೀರಾ? ಜಾಗ ವೆನಿಸ್ ನಗರದ ಹಡಗು ಕಟ್ಟೋ ಕಾರ್ಖಾನೆ. ಚಿಕ್ಕ ಯಂತ್ರ ಗಟ್ಟಿ ನಿಂತರೆ ಅದೇ ಅಳತೆಯ ದೊಡ್ಡ ಯಂತ್ರ ಯಾಕೆ ನಿಲ್ಲೋದಿಲ್ಲ ಅನ್ನೋದು ಅಲ್ಲಿನ ಚರ್ಚೆ. ಅಲ್ಲಿನ ಕುಶಲ ಕೆಲಸಗಾರರ ಜೊತೆ ಮಾತಾಡಿ ತಾವು ಬಹಳ ಕಲಿತೆವು ಅಂತ ಪುಸ್ತಕದ ಪಾತ್ರಗಳೇ ಒಪ್ಪಿಕೊಳ್ಳುತ್ತವೆ. ಲೆಕ್ಕ ಸರಳ. ಬಾನಿಯ ಉದ್ದ, ಅಗಲ, ಆಳ ಎಲ್ಲ ಎರಡರಷ್ಟು ಮಾಡಿದರೆ ಹೊಲಿಗೆಯ ಉದ್ದ ಎರಡರಷ್ಟು, ತೊಗಲು ನಾಲ್ಕರಷ್ಟು ಆಗುತ್ತೆ. ಒಳಗಿನ ನೀರು ಮಾತ್ರ ಎಂಟರಷ್ಟು. ಹೊಲಿಗೆ ಬಡವಾಗೋದು ಹೀಗೆ.

ತಾತ ಗೆಲಿಲಿಯೋಗಿಂತ ದೊಡ್ಡವರು ಅಂತ ನಾನು ಹೇಳುತ್ತಿಲ್ಲ. ಗೆಲಿಲಿಯೋ ಅದನ್ನ ಎಲ್ಲ ವಸ್ತುವಿಗೂ ಹೊಂದೋ ನಿಯಮ ಮಾಡಿದರು, ಅಚ್ಚು ಹಾಕಿಸಿದರು, ಬೇರೆಯವರು ಮುಂದುವರಿಸಿದರು. ನಮ್ಮ ತಾತನ ಮಾತು ಜಗಲಿಯಲ್ಲೇ ಉಳಿಯಿತು. ತಿಳುವಳಿಕೆ ಎರಡು ಕಡೆಯೂ ಇತ್ತು. ಅಕ್ಷರ ಒಂದೇ ಕಡೆ ಇತ್ತು.

ಕಾರ್ಖಾನೆಯಿಂದ ಕಾಲೇಜಿಗೆ

ಬ್ರಿಟನ್ನಿನ ಕತೆ ನೋಡಿ. ಜೇಮ್ಸ್ ವಾಟ್ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಉಪಕರಣ ಮಾಡಿಕೊಡುತ್ತಿದ್ದ ಕೆಲಸಗಾರ. 1769ರಲ್ಲಿ ಉಗಿ ಎಂಜಿನ್ ಸುಧಾರಣೆಗೆ ಪೇಟೆಂಟ್ ಪಡೆದರು. ಅದೇ ಗ್ಲಾಸ್ಗೋದಲ್ಲಿ 1800ರಲ್ಲಿ ಜಾರ್ಜ್ ಬರ್ಕ್‌ಬೆಕ್ ಅನ್ನೋ ಪ್ರಾಧ್ಯಾಪಕರು ಕೆಲಸಗಾರರಿಗಾಗಿಯೇ ಪಾಠ ಶುರು ಮಾಡಿದರು. 1823ರಲ್ಲಿ ಲಂಡನ್ನಿನಲ್ಲಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಹಗಲು ದುಡಿದವರು ಸಂಜೆ ಓದೋ ಜಾಗ. 1847ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಕಟ್ಟಿದಾಗ ಮೊದಲ ಅಧ್ಯಕ್ಷರಾದವರು ರೈಲು ಎಂಜಿನ್ನಿನ ಜಾರ್ಜ್ ಸ್ಟೀಫನ್‌ಸನ್. ಅವರ ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಬೆಂಕಿ ಹಾಕುತ್ತಿದ್ದವರು. ಹದಿನೆಂಟು ವಯಸ್ಸಿನವರೆಗೆ ಅವರಿಗೆ ಓದೋಕೆ ಬರುತ್ತಿರಲಿಲ್ಲ. ಅಲ್ಲೂ ಬಡವ ಶ್ರೀಮಂತ ಭೇದ ಇತ್ತು. ಆದರೂ ಕೈಕೆಲಸದವನು ಶಾಸ್ತ್ರದ ಸಭೆಯಲ್ಲಿ ಕುರ್ಚಿ ಮೇಲೆ ಕೂರೋದು ಸಾಧ್ಯ ಆಯಿತು.

ಇನ್ನು ನಮ್ಮ ಕಡೆ. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್, ಸೇಲಂ ಸೀಮೆ ಕಂಪನಿ ಕೈಗೆ ಹೋಯಿತು. ಇಲ್ಲಿನ ಕಬ್ಬಿಣ, ಉಕ್ಕು ಆಗಲೇ ಹೆಸರಾಗಿತ್ತು. 1830ರಲ್ಲಿ ಜೋಸಯ್ಯ ಮಾರ್ಷಲ್ ಹೀತ್ ಸೇಲಂ ಅದಿರನ್ನ ನಂಬಿ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ. ಊರಿನ ಕುಲುಮೆಗಳ ಬಗ್ಗೆಯೂ ಅವನು ಬರೆದ. ಆ ಕುಲುಮೆಗೆ ಗಾಳಿ ಊದಿದ್ದು ಆಡಿನ ತೊಗಲಿನ ತಿದಿ. ಗಮನಿಸಿ, ಅಲ್ಲೂ ತೊಗಲು. ಬಾವಿಯಲ್ಲಿ ನೀರೆತ್ತಿದ್ದೂ ತೊಗಲು, ಕುಲುಮೆಯಲ್ಲಿ ಕಬ್ಬಿಣ ಕರಗಿಸಿದ್ದೂ ತೊಗಲು. ವಡ್ಡರು ಬಾವಿ ತೋಡಿದರು, ಬಡಗಿ ರಾಟೆ ಕೆತ್ತಿದ, ಕಮ್ಮಾರ ಅಚ್ಚು ಬಡಿದ, ನಮ್ಮವರು ಬಾನಿ ಹೊಲಿದರು. ಈ ನಾಲ್ಕೂ ಕೈ ಸೇರದೆ ಕಪಿಲೆ ಇಲ್ಲ. ಈಗಿನ ಮಾತಲ್ಲಿ ಹೇಳಬೇಕಾದರೆ ಇವರೇ ಈ ಸೀಮೆಯ ಎಂಜಿನಿಯರುಗಳು.

ಆದರೆ ಎಂಜಿನಿಯರ್ ಅನ್ನೋ ಹೆಸರು ಸರ್ಕಾರಿ ಕೆಲಸವಾದಾಗ ಈ ನಾಲ್ಕು ಕೈಗಳನ್ನ ಯಾರೂ ಕರೆಯಲಿಲ್ಲ. ಮದ್ರಾಸಿನಲ್ಲಿ 1794ರಲ್ಲಿ ಶುರುವಾದ ಸರ್ವೆ ಶಾಲೆ 1859ರಲ್ಲಿ ಎಂಜಿನಿಯರಿಂಗ್ ಕಾಲೇಜ್ ಆಯಿತು. ಇವತ್ತಿನ ಗಿಂಡಿ ಕಾಲೇಜು ಅದೇ. ಅಲ್ಲಿಗೆ ಸೇರೋಕೆ ಇಂಗ್ಲಿಷ್ ಬೇಕು, ಗಣಿತ ಬೇಕು. ಊರಿನ ಶಾಲೆಯ ಜಗಲಿಯೇ ಹತ್ತಬಾರದು ಅಂದ ಮಕ್ಕಳು ಗಿಂಡಿಗೆ ಹೇಗೆ ಹೋದಾರು? ಕೈಕಸುಬಿನ ಜಾತಿಗಳದ್ದಾಗಿದ್ದ ವಿದ್ಯೆ ಬ್ರಿಟಿಷರ ಕಾಲದಲ್ಲಿ ಮೇಲ್ಜಾತಿಯವರ ಉದ್ಯೋಗವಾಗಿ ಹೇಗೆ ಬದಲಾಯಿತು ಅಂತ ಅಜಂತಾ ಸುಬ್ರಮಣಿಯನ್ ಅನ್ನೋರು 2019ರಲ್ಲಿ 'ದಿ ಕಾಸ್ಟ್ ಆಫ್ ಮೆರಿಟ್' ಅನ್ನೋ ಪುಸ್ತಕ ಬರೆದಿದ್ದಾರೆ. ಇಂಗ್ಲಿಷ್ ಓದಬಲ್ಲವರು ತಪ್ಪದೆ ಓದಿ.

ಆ ಕಾಲೇಜಿನ ಒಬ್ಬ ಪ್ರೊಫೆಸರ್ ಮಾತ್ರ ಕಪಿಲೆಯನ್ನ ಗಂಭೀರವಾಗಿ ನೋಡಿದರು. ಹೆಸರು ಆಲ್ಫ್ರೆಡ್ ಚಾಟರ್ಟನ್. ಏತ, ಕಪಿಲೆಗಳು ಎಷ್ಟು ನೀರೆತ್ತುತ್ತವೆ ಅಂತ ಅಳೆದು ನೋಡಿದರು. ಎಣ್ಣೆ ಎಂಜಿನ್ ಪಂಪುಗಳನ್ನ ರೈತರಿಗೆ ಪರಿಚಯ ಮಾಡಿಸಿದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ಕ್ರೋಮ್ ತೊಗಲು ಹದ ಮಾಡೋ ಪ್ರಯೋಗ ನಡೆಸಿದರು. ಆ ತೊಗಲಿನ ಮೊದಲ ಉಪಯೋಗಗಳಲ್ಲಿ ಒಂದು ಯಾವುದು ಗೊತ್ತಾ? ಕಪಿಲೆಯ ಬಾನಿ! ನೀರಲ್ಲಿ ನೆನೆದು ನೆನೆದು ಬೇಗ ಕೊಳೆಯದ ತೊಗಲು ಬೇಕಿತ್ತು. 1912ರಲ್ಲಿ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಹೋದರು. ಕಪಿಲೆಯ ಜೀವ ಇರೋದು ತೊಗಲಿನಲ್ಲಿ ಅಂತ ಒಬ್ಬ ಬಿಳಿ ಎಂಜಿನಿಯರಿಗೆ ಹೊಳೆಯಿತು. ನಮ್ಮೂರಿನವರು ಅದನ್ನ ಬರೀ ಹೊಲಸು ಕೆಲಸ ಅಂದರು.

ನೀರೆತ್ತಿದವರಿಗೆ ನೀರಿಲ್ಲ

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾನಿ ಹೊಲಿದು ಕೊಟ್ಟ ತಾತನಿಗೆ ಸುಗ್ಗಿಯಲ್ಲಿ ಇಷ್ಟು ರಾಗಿ ಅಂತ ಕೊಡುತ್ತಿದ್ದರು. ಬಾನಿ ಬಾಯಿ ಬಿಟ್ಟರೆ ರಾತ್ರಿಯಾದರೂ ಕರೆ ಬರುತ್ತಿತ್ತು. ಅವರ ಕೈ ಮುಟ್ಟಿದ ತೊಗಲು ಬಾವಿಯ ನೀರಿನಲ್ಲಿ ದಿನಕ್ಕೆ ನೂರು ಸಲ ಮುಳುಗುತ್ತಿತ್ತು. ಅದಕ್ಕೆ ಮೈಲಿಗೆ ಇಲ್ಲ. ಆದರೆ ನಮ್ಮಜ್ಜಿ ಕೊಡ ಹಿಡಿದು ಅದೇ ಬಾವಿಗೆ ಹೋದರೆ ದೂರ ನಿಲ್ಲಬೇಕಿತ್ತು. ಯಾರಾದರೂ ಮನಸ್ಸು ಬಂದು ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಅಜ್ಜಿ ಇದನ್ನ ಹೇಳುವಾಗ ಅಳೋದಿಲ್ಲ. ನಗ್ತಾರೆ. ಆ ನಗು ನೋಡೋಕೆ ನನಗೆ ಆಗೋದಿಲ್ಲ.

ಕಾನೂನು ಇರಲಿಲ್ಲವಾ ಅಂದರೆ, ಇತ್ತು. 1924ರಲ್ಲೇ ರೆಟ್ಟಮಲೈ ಶ್ರೀನಿವಾಸನ್ ಮದ್ರಾಸ್ ಶಾಸನ ಸಭೆಯಲ್ಲಿ ನಿರ್ಣಯ ತಂದು, ಸಾರ್ವಜನಿಕ ರಸ್ತೆ, ಬಾವಿ, ಕೆರೆ ಎಲ್ಲರಿಗೂ ಸೇರಿದ್ದು ಅಂತ ಒಪ್ಪಿಸಿದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ ಅಂತ ಹೆಸರು ಹಿಡಿದೇ ಬರೆದಿದೆ. ಬಾವಿಯ ಹೆಸರು ಸಂವಿಧಾನಕ್ಕೆ ಯಾಕೆ ಬಂತು ಅಂತ ನಮ್ಮ ಅಜ್ಜಿಯಂದಿರನ್ನ ಕೇಳಿದರೆ ಗೊತ್ತಾಗುತ್ತೆ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಬಾಬಾಸಾಹೇಬರ ಕೈಯಲ್ಲಿದ್ದ ಕಾರ್ಮಿಕ ಖಾತೆಗೆ ನೀರಾವರಿ, ವಿದ್ಯುತ್ ಕೂಡ ಸೇರಿತ್ತು. ಇವತ್ತಿನ ಕೇಂದ್ರ ಜಲ ಆಯೋಗಕ್ಕೆ ಬುನಾದಿಯಾದ ಸಂಸ್ಥೆ 1945ರಲ್ಲಿ ಅವರ ಕಾಲದಲ್ಲೇ ಹುಟ್ಟಿತು. ಕೆರೆ ನೀರು ಮುಟ್ಟೋಕೆ ಹೋರಾಡಿದವರು ಹದಿನೆಂಟು ವರ್ಷದ ಮೇಲೆ ದೇಶದ ನದಿಗಳ ಯೋಜನೆ ಮಾಡಿದರು.

ಮೋಟಾರು ಬಂತು

1932ರಲ್ಲಿ ಪೈಕಾರ, 1937ರಲ್ಲಿ ಮೇಟೂರು ವಿದ್ಯುತ್ ಬಂತು. ಕೊಯಮತ್ತೂರಿನಲ್ಲಿ ಮೋಟಾರು, ಪಂಪು ಮಾಡೋ ವರ್ಕ್‌ಶಾಪುಗಳು ಎದ್ದವು. ಜಿ.ಡಿ. ನಾಯ್ಡು, ಬಾಲಸುಂದರಂ ನಾಯ್ಡು ಅಂಥವರು 1937ರಲ್ಲೇ ಅಲ್ಲಿ ಮೋಟಾರು ತಯಾರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳಿಗೆ ಕರೆಂಟು ಕಂಬ ಬಂದ ಹಾಗೆ ಒಂದೊಂದೇ ಕಪಿಲೆ ನಿಂತಿತು.

ಮೋಟಾರನ್ನ ನಾನು ಬೈಯೋದಿಲ್ಲ. ಐದು ಹೆಚ್‌ಪಿ ಮೋಟಾರು, ನಷ್ಟ ಅರ್ಧ ಕಳೆದರೂ, ಹತ್ತಿರ ಹತ್ತಿರ ಹತ್ತು ಕಪಿಲೆಯ ಕೆಲಸ ಮಾಡುತ್ತೆ. ಎತ್ತಿಗೂ ಆಳಿಗೂ ಬಿಡುಗಡೆ. ಅದಕ್ಕೂ ಮಿತಿ ಇಲ್ಲದೆ ಇಲ್ಲ. ದಡದ ಮೇಲಿಟ್ಟ ಪಂಪು ಹೆಚ್ಚೆಂದರೆ ಹತ್ತು ಮೀಟರಿನೊಳಗಿನ ನೀರನ್ನ ಮಾತ್ರ ಹೀರಬಲ್ಲದು, ಯಾಕೆಂದರೆ ನೀರನ್ನ ಮೇಲಕ್ಕೆ ತಳ್ಳೋದು ಹೊರಗಿನ ಗಾಳಿಯ ಒತ್ತಡ. ಇದನ್ನ ಗೆಲಿಲಿಯೋ ಶಿಷ್ಯ ಟೊರಿಚೆಲ್ಲಿ 1640ರ ದಶಕದಲ್ಲಿ ತೋರಿಸಿಕೊಟ್ಟರು. ಅದಕ್ಕೇ ನಮ್ಮ ಕಡೆ ನೀರು ಇಳಿದ ಹಾಗೆ ಮೋಟಾರನ್ನೂ ಬಾವಿಯೊಳಗೆ ಇಳಿಸಿದರು, ಆಮೇಲೆ ಬೋರು ಕೊರೆದರು. ಹಗ್ಗ ಉದ್ದ ಇದ್ದಷ್ಟೂ ಇಳಿಯುತ್ತಿದ್ದ ಕಪಿಲೆಗೆ ಆ ಮಿತಿ ಇರಲಿಲ್ಲ.

ನನ್ನ ಪ್ರಶ್ನೆ ಬೇರೆ. ಯಂತ್ರ ಬದಲಾದಾಗ ಯಾರು ಹೊಸ ಯಂತ್ರದ ಜೊತೆ ಹೋದರು, ಯಾರು ಹಿಂದೆ ಉಳಿದರು? ಜಮೀನು, ದುಡ್ಡು, ಓದು ಇದ್ದವರು ಪಂಪಿನ ಯಜಮಾನರಾದರು, ಡೀಲರುಗಳಾದರು. ಬಾನಿ ಹೊಲಿಯುತ್ತಿದ್ದವರಿಗೆ ಯಾರೂ ಸ್ಪ್ಯಾನರ್ ಕೊಡಲಿಲ್ಲ. ನಮ್ಮ ತಾತ ಕೂಲಿಗೆ ಹೋದರು. ಎಷ್ಟೋ ಮನೆಗಳವರು ಪಟ್ಟಣ ಸೇರಿ ಪೊರಕೆ ಹಿಡಿದರು. ನೀರೆತ್ತೋ ಶಾಸ್ತ್ರ ಬಲ್ಲವರನ್ನ ಚರಂಡಿಗೆ ಇಳಿಸಿದ್ದು ನಮ್ಮ ಕಾಲದ ದೊಡ್ಡ ಅನ್ಯಾಯ.

2009ರಲ್ಲಿ ತಮಿಳುನಾಡು ಸರ್ಕಾರ ಪರಿಶಿಷ್ಟ ಜಾತಿಯ ಶೇ. 18ರ ಒಳಗೆ ಅರುಂಧತಿಯರ್, ಮಾದಿಗ ಮುಂತಾದ ಏಳು ಜಾತಿಗಳಿಗೆ ಶೇ. 3 ಒಳಮೀಸಲಾತಿಯ ಕಾಯ್ದೆ ಮಾಡಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿ ಸರಿ ಅಂದಿತು. ನನ್ನ ತಂಗಿ ಡಿಪ್ಲೊಮಾ ಸೇರಿದ್ದು ಆ ಶೇ. 3ರಲ್ಲಿ. ಮೊದಲ ವರ್ಷ ಲೇತ್ ಮುಂದೆ ನಿಂತಾಗ ಒಬ್ಬರು, "ಕೋಟಾದಲ್ಲಿ ಬಂದೋರಿಗೆ ಮೆಷಿನ್ ಕೆಲಸ ಹತ್ತುತ್ತಾ?" ಅಂದರಂತೆ. ಅವಳು ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ. ನನ್ನ ಸೆಮಿನಾರ್ ಆದ ಮೇಲೆ ತಾತನನ್ನ ಕೂರಿಸಿಕೊಂಡು ಡ್ರಾಯಿಂಗ್ ಹಾಳೆಯಲ್ಲಿ ಕಪಿಲೆ ಬರೆದಳು. ರಾಟೆ, ಉರುಳೆ, ಎರಡು ಹಗ್ಗ, ಸೊಂಡಿಲು, ಇಳಿಜಾರು, ಎಲ್ಲಕ್ಕೂ ಅಳತೆ ಸಮೇತ. ಸೊಂಡಿಲು ಎರಡು ಸಲ ತಪ್ಪಾಯಿತು. ತಾತ ಬೆರಳಿಟ್ಟು ತಿದ್ದಿಸಿದರು. ಆ ಹಾಳೆ ಈಗ ನಮ್ಮನೆ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಪಕ್ಕದಲ್ಲಿದೆ.

ಸಂಘದವರಿಗೆ ಒಂದು ಮನವಿ

ಬಂಧುಗಳೇ, ಮೀಸಲಾತಿ ಯಾರೋ ಕೊಟ್ಟ ಭಿಕ್ಷೆ ಅಂತ ನಮ್ಮ ಮಕ್ಕಳು ಅಂದುಕೊಂಡು ತಲೆ ತಗ್ಗಿಸಬಾರದು. ನಮ್ಮ ಹಿರಿಯರು ಈ ಶಾಸ್ತ್ರದ ಒಳಗೇ ಇದ್ದವರು. ಬಾಗಿಲು ಹಾಕಿ ಹೊರಗೆ ನಿಲ್ಲಿಸಲಾಗಿತ್ತು, ಈಗ ವಾಪಸ್ ಬರುತ್ತಿದ್ದೇವೆ. ಇದನ್ನ ಬರೀ ಭಾಷಣದಲ್ಲಿ ಹೇಳಿದರೆ ಸಾಲದು, ಅಳತೆ ಸಮೇತ ತೋರಿಸಬೇಕು.

ಅದಕ್ಕೆ ನನ್ನ ಕೋರಿಕೆ ಇಷ್ಟು. ನಿಮ್ಮ ಕೇರಿಯಲ್ಲಿ ಬಾನಿ ಹೊಲಿದ, ತಿದಿ ಹೊಲಿದ, ಬಾವಿ ತೋಡಿದ ಹಿರಿಯರು ಇನ್ನೂ ಇದ್ದರೆ ಈ ವರ್ಷವೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಯಾವ ತೊಗಲು, ಎಷ್ಟು ದಿನ ಹದ, ಹೊಲಿಗೆ ಎಷ್ಟು ಬೆರಳಿಗೊಂದು, ಹಗ್ಗ ಎಷ್ಟು ಮೊಳ ಅಂತ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಹೇಳೋ ಪದ ಕನ್ನಡವಾಗಲಿ, ತಮಿಳಾಗಲಿ, ತೆಲುಗಾಗಲಿ ಹಾಗೇ ಬರೆಯಿರಿ, ತಿದ್ದಬೇಡಿ. ಪಾಲಿಟೆಕ್ನಿಕ್, ಐಟಿಐ ಓದೋ ಹುಡುಗ ಹುಡುಗಿಯರು ಹಳೇ ಬಾವಿಗಳ ಕಲ್ಲುಕಂಬ, ಇಳಿಜಾರು ಅಳೆದು ನಕ್ಷೆ ಮಾಡಲಿ. ಮುಂದಿನ ವಾರ್ಷಿಕೋತ್ಸವಕ್ಕೆ ಸಂಘದ ಕಟ್ಟಡದಲ್ಲಿ ಒಂದು ಗೋಡೆ ಇದಕ್ಕೆ ಬಿಟ್ಟುಕೊಡಿ ಅಂತ ಅಣ್ಣಂದಿರನ್ನ ಕೇಳಿಕೊಳ್ಳುತ್ತೇನೆ. ಸಂಜೆ ಪಾಠ ನಡೆಯೋ ಕೋಣೆಯ ಗೋಡೆಯಾದರೆ ಒಳ್ಳೆಯದು, ಮಕ್ಕಳು ದಿನಾ ನೋಡ್ತಾರೆ.

ತಾತನ ಹತ್ತಿರ ಒಂದು ದಬ್ಬಳ ಉಳಿದಿದೆ. ಮೊದಲು ಅದನ್ನ ಆ ಗೋಡೆಗೆ ನಾನು ಕೊಡುತ್ತೇನೆ. ತಾತ ಒಪ್ಪಿದ್ದಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ: "ಬರೀ ನೇತು ಹಾಕಬೇಡ್ರಪ್ಪಾ. ಹೆಂಗ್ ಹಿಡೀಬೇಕು ಅಂತ ಒಬ್ಬನಾದ್ರೂ ನನ್ ತಾವ ಕಲ್ತ್ಕೊಳ್ಳಿ."

ಜೈ ಭೀಮ್.